ಹೊರರಾಜ್ಯದ ಕಾಲೇಜಿಗೆ ಮೆರಿಟ್ ಸ್ಕಾಲರ್‌ಶಿಪ್: ಅಮೆರಿಕದ ಕನ್ನಡ ಮನೆಗಳಿಗೆ ಒಂದು ಮಾರ್ಗದರ್ಶಿ

ಕರ್ನಾಟಕದಲ್ಲಿ ಓದಿ ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರಿಗೆ ಸಿಇಟಿ ಚೆನ್ನಾಗಿ ಗೊತ್ತು. ಒಂದು ಪರೀಕ್ಷೆ, ಒಂದು ರ‍್ಯಾಂಕ್, ಒಂದು ಕೌನ್ಸೆಲಿಂಗ್. ರ‍್ಯಾಂಕ್ ಚೆನ್ನಾಗಿ ಬಂದರೆ ಒಳ್ಳೆಯ ಕಾಲೇಜೂ ಸಿಗುತ್ತಿತ್ತು, ಸರ್ಕಾರಿ ಸೀಟಿನ ಕಡಿಮೆ ಫೀಸೂ ಸಿಗುತ್ತಿತ್ತು. ಎರಡೂ ಜೊತೆಜೊತೆಯಲ್ಲೇ ಬರುತ್ತಿದ್ದವು. ಹಾಗಾಗಿ ಇಲ್ಲೂ ಹಾಗೇ ಇರಬೇಕು ಅಂದುಕೊಳ್ಳುತ್ತೇವೆ. ಮಗಳು ಚೆನ್ನಾಗಿ ಓದಿದರೆ ದೊಡ್ಡ ಕಾಲೇಜು ಕರೆಯುತ್ತದೆ, ಸ್ಕಾಲರ್‌ಶಿಪ್ ತಾನಾಗಿ ಬರುತ್ತದೆ ಅಂತ.

ಇಲ್ಲಿ ಹಾಗಾಗುವುದಿಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್, ಕೊಲಂಬಿಯಾದಂಥ ಐವಿ ಲೀಗ್‌ನ ಎಂಟೂ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ (ಆದಾಯ ನೋಡದೆ ಅಂಕ, ಪ್ರತಿಭೆ ನೋಡಿ ಕೊಡುವ ಹಣ) ಕೊಡುವುದೇ ಇಲ್ಲ. ಎಂಐಟಿ, ಸ್ಟ್ಯಾನ್‌ಫರ್ಡ್, ಕ್ಯಾಲ್‌ಟೆಕ್ ಕೂಡ ಅಷ್ಟೇ. ಅವರು ಕೊಡುವುದು ಮನೆಯ ಆದಾಯ ನೋಡಿ. ಗಂಡ ಹೆಂಡತಿ ಇಬ್ಬರೂ ಐಟಿ ಕೆಲಸದಲ್ಲಿದ್ದರೆ ಆ ಲೆಕ್ಕದಲ್ಲಿ ಹೆಚ್ಚಾಗಿ ಏನೂ ಬರುವುದಿಲ್ಲ. ಮೆರಿಟ್ ಹಣ ಇರುವುದು ಬೇರೆ ಕಡೆ. ಒಂದು ಕಾಲೇಜು ಇನ್ನೂ ಒಳ್ಳೆಯ ವಿದ್ಯಾರ್ಥಿಗಳನ್ನು ತನ್ನತ್ತ ಸೆಳೆಯಬೇಕು ಅಂದುಕೊಂಡಾಗ ಆ ಹಣ ತೆಗೆದಿಡುತ್ತದೆ. ನಿಮ್ಮ ಮಗುವಿನ ಅಂಕ ಅಲ್ಲಿನ ಸಾಮಾನ್ಯ ವಿದ್ಯಾರ್ಥಿಯ ಅಂಕಕ್ಕಿಂತ ಮೇಲಿದ್ದರೆ ಅದು ನಿಮ್ಮ ಕಡೆಗೆ ಬರುತ್ತದೆ. ಅಂದರೆ ಎಷ್ಟು ಸ್ಕಾಲರ್‌ಶಿಪ್ ಸಿಗುತ್ತದೆ ಅನ್ನುವುದು ಬಹುಪಾಲು ನಿರ್ಧಾರವಾಗುವುದು ಯಾವ ಕಾಲೇಜುಗಳಿಗೆ ಅರ್ಜಿ ಹಾಕುತ್ತೀರಿ ಅನ್ನುವುದರಲ್ಲಿ. ಪಟ್ಟಿ ತಪ್ಪಾದರೆ ಆಮೇಲೆ ಎಷ್ಟು ಪ್ರಬಂಧ ಬರೆದರೂ ಹಣ ಬರುವುದಿಲ್ಲ. ಈ ಲೇಖನದ ಹೆಚ್ಚಿನ ಭಾಗ ಆ ಪಟ್ಟಿ ಮಾಡುವ ಕೆಲಸದ ಬಗ್ಗೆಯೇ ಇದೆ.

ಹಂತ 1: ಮೊದಲು ಮನೆಯಲ್ಲಿ ದುಡ್ಡಿನ ಮಾತು ಆಗಲಿ

"ದುಡ್ಡಿನ ಯೋಚನೆ ನಿನಗೆ ಬೇಡ, ನೀನು ಓದು" ಅಂತ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವುದು ರೂಢಿ. ಅದರಲ್ಲಿ ಪ್ರೀತಿ ಇದೆ, ನಿಜ. ಆದರೆ ಹನ್ನೊಂದನೇ ಕ್ಲಾಸಿನ ಹೊತ್ತಿಗೆ ಆ ಮಾತು ಬಿಡಬೇಕು. ವರ್ಷಕ್ಕೆ ಎಷ್ಟು ಕೊಡಬಲ್ಲೆವು, 529 ಪ್ಲಾನಿನಲ್ಲಿ (ಕಾಲೇಜಿಗೆಂದು ತೆರಿಗೆ ರಿಯಾಯಿತಿಯಲ್ಲಿ ಕೂಡಿಡುವ ಖಾತೆ) ಎಷ್ಟಿದೆ, ಸಾಲ ಮಾಡುವುದಾದರೆ ಎಷ್ಟರವರೆಗೆ, ಕಿರಿಯ ಮಗುವಿಗೆ ಎಷ್ಟು ಉಳಿಸಬೇಕು: ಇಷ್ಟನ್ನೂ ಮಗುವಿನ ಎದುರು ಕೂತು ಹೇಳಿ. ಕನಸಿನ ಕಾಲೇಜಿಂದ ಏಪ್ರಿಲ್‌ನಲ್ಲಿ ಅಡ್ಮಿಷನ್ ಬಂದ ಮೇಲೆ "ನಮ್ಮ ಕೈಲಾಗಲ್ಲ ಪುಟ್ಟಾ" ಅನ್ನುವುದು ಬಹಳ ನೋವಿನ ಮಾತು. ಅದನ್ನು ಒಂದೂವರೆ ವರ್ಷ ಮೊದಲೇ ಹೇಳಿದರೆ ಮಗು ತಾನೇ ಬೇರೆ ಕಾಲೇಜುಗಳನ್ನು ಹುಡುಕುತ್ತದೆ.

ನಿಮ್ಮದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯ ಖರ್ಚನ್ನು ಆಧಾರವಾಗಿ ಇಟ್ಟುಕೊಳ್ಳಿ. ಹೊರರಾಜ್ಯದ ಪ್ರತಿ ಕಾಲೇಜನ್ನೂ ಅದರ ಜೊತೆ ಹೋಲಿಸಬೇಕು. ಜಾರ್ಜಿಯಾದಲ್ಲಿ ಇರುವವರಿಗೆ ಹೋಪ್ ಮತ್ತು ಝೆಲ್ ಮಿಲ್ಲರ್ ಸ್ಕಾಲರ್‌ಶಿಪ್ ಇದೆ, ಫ್ಲೋರಿಡಾದವರಿಗೆ ಬ್ರೈಟ್ ಫ್ಯೂಚರ್ಸ್ ಇದೆ. ಇವು ಆಯಾ ರಾಜ್ಯದೊಳಗೆ ಓದಿದರೆ ಮಾತ್ರ. ಅಟ್ಲಾಂಟಾದ ಹುಡುಗನಿಗೆ ಹೊರಗಿನ ಕಾಲೇಜು 15 ಸಾವಿರ ಡಾಲರ್ ಕೊಡುತ್ತೇನೆ ಅಂದರೆ, ಮನೆ ಹತ್ತಿರ ಬಿಟ್ಟುಹೋಗುವ ಹಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಂತ 2: ಹೊರರಾಜ್ಯದ ಬೆಲೆ ಹೇಗೆ ನಡೆಯುತ್ತದೆ ಅಂತ ತಿಳಿಯಿರಿ

ಸರ್ಕಾರಿ ಯೂನಿವರ್ಸಿಟಿಗಳು ತಮ್ಮ ರಾಜ್ಯದ ತೆರಿಗೆದಾರರ ಮಕ್ಕಳಿಗೆ ಕಡಿಮೆ ಟ್ಯೂಷನ್ ಹಾಕುತ್ತವೆ, ಹೊರಗಿನವರಿಗೆ ಜಾಸ್ತಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ ಸೇರಿದ ಹೊರರಾಜ್ಯದ ವಿದ್ಯಾರ್ಥಿ ಮಾಮೂಲಿ ಟ್ಯೂಷನ್ ಮೇಲೆ ವರ್ಷಕ್ಕೆ 37,602 ಡಾಲರ್ ಹೆಚ್ಚುವರಿ ಕೊಡಬೇಕು. ಬರ್ಕ್ಲಿ, ಯುಸಿಎಲ್‌ಎಗಳಂಥ ಕಡೆ ಹೊರಗಿನವರು ತಾವಾಗಿಯೇ ಸಾಲು ನಿಲ್ಲುತ್ತಾರೆ, ಹಾಗಾಗಿ ಅವರಿಗೆ ರಿಯಾಯಿತಿ ಕೊಡುವ ಅಗತ್ಯ ಆ ಕಾಲೇಜುಗಳಿಗೆ ಇಲ್ಲ. ಮಿಶಿಗನ್, ವರ್ಜೀನಿಯಾ ಯೂನಿವರ್ಸಿಟಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅಲ್ಲಿ ಮೆರಿಟ್ ಹಣ ಇದ್ದರೂ ಬೆರಳೆಣಿಕೆಯ ಮಕ್ಕಳಿಗೆ ಮಾತ್ರ.

ಇನ್ನೊಂದು ಬಗೆಯ ಸರ್ಕಾರಿ ಯೂನಿವರ್ಸಿಟಿಗಳಿವೆ. ಅಲಬಾಮಾ, ಸೌತ್ ಕ್ಯಾರೊಲೈನಾ, ಕೆಂಟಕಿ, ಅರಿಝೋನಾ ಸ್ಟೇಟ್, ಟೆಕ್ಸಸ್‌ನ ಡಲ್ಲಾಸ್ ಕ್ಯಾಂಪಸ್ ಇವೆಲ್ಲ ಹೊರರಾಜ್ಯದ ಒಳ್ಳೆಯ ವಿದ್ಯಾರ್ಥಿಗಳು ಬರಲಿ ಅಂತ ನಿಜವಾಗಿ ಬಯಸುತ್ತವೆ, ಅದಕ್ಕಾಗಿ ಹಣ ಇಡುತ್ತವೆ. ಒಹಾಯೊ ಸ್ಟೇಟ್‌ನಲ್ಲಿ ನ್ಯಾಷನಲ್ ಬಕ್‌ಐ ಅನ್ನುವ ಸ್ಕಾಲರ್‌ಶಿಪ್ ಇರುವುದೇ ಒಹಾಯೊದ ಹೊರಗಿನವರಿಗೆ. ಸೌತ್ ಕ್ಯಾರೊಲೈನಾದ ಮೆಕ್‌ನೇರ್ ಸ್ಕಾಲರ್ಸ್ ಕೂಡ ಹೊರರಾಜ್ಯದವರಿಗಾಗಿಯೇ ಮಾಡಿದ್ದು.

ಖಾಸಗಿ ಕಾಲೇಜುಗಳಲ್ಲಿ ರಾಜ್ಯದ ಒಳಗೆ ಹೊರಗೆ ಅನ್ನುವ ಭೇದ ಇಲ್ಲ, ಎಲ್ಲರಿಗೂ ಒಂದೇ ಬೆಲೆ. ಆದರೆ ಆ ಬೆಲೆ ರೇಷ್ಮೆ ಸೀರೆ ಅಂಗಡಿಯ ಚೀಟಿ ಇದ್ದ ಹಾಗೆ. ಬಹಳ ಕಡೆ ಪೂರ್ತಿ ಕೊಡುವವರು ಕಡಿಮೆ. ವ್ಯಾಂಡರ್‌ಬಿಲ್ಟ್, ಡ್ಯೂಕ್, ಎಮೊರಿ, ಯುಎಸ್‌ಸಿಯಂಥ ದೊಡ್ಡ ಹೆಸರಿನ ಕಡೆ ಪೂರ್ತಿ ಟ್ಯೂಷನ್ ಕೊಡುವ ಸ್ಕಾಲರ್‌ಶಿಪ್‌ಗಳಿವೆ, ಆದರೆ ಅವುಗಳ ಪೈಪೋಟಿ ಅಡ್ಮಿಷನ್‌ಗಿಂತಲೂ ಕಠಿಣ. ಕೇಸ್ ವೆಸ್ಟರ್ನ್, ರಾಚೆಸ್ಟರ್‌ನಂಥ ಕಡೆ ದೊಡ್ಡ ಮೊತ್ತ ಹೆಚ್ಚು ಮಕ್ಕಳಿಗೆ ಹಂಚಿಹೋಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಕಾಲರ್‌ಶಿಪ್ ಎಷ್ಟು ಅಂತ ನೋಡಬೇಡಿ, ಕಡೆಗೆ ಕೈಯಿಂದ ಎಷ್ಟು ಹೋಗುತ್ತದೆ ಅಂತ ನೋಡಿ. ಪರ್ಡ್ಯೂ 2013ರಿಂದ ಟ್ಯೂಷನ್ ಏರಿಸದೆ ಬಂದಿದೆ. ಹೊರರಾಜ್ಯದವರಿಗೆ ಅಲ್ಲಿ ಮೂಲ ಟ್ಯೂಷನ್ ಸುಮಾರು 28,800 ಡಾಲರ್. ಇಂಜಿನಿಯರಿಂಗಿಗೆ ಅದರ ಮೇಲೆ ಇನ್ನಷ್ಟು ಫೀಸು ಇದೆ. ಒಂದು ಕಾಸೂ ಸ್ಕಾಲರ್‌ಶಿಪ್ ಇಲ್ಲದೆ ಪರ್ಡ್ಯೂಗೆ ಹೋಗುವುದು, 25 ಸಾವಿರ ಸ್ಕಾಲರ್‌ಶಿಪ್ ತಗೊಂಡು ದುಬಾರಿ ಖಾಸಗಿ ಕಾಲೇಜಿಗೆ ಹೋಗುವುದಕ್ಕಿಂತ ಅಗ್ಗವಾಗಬಹುದು. ಸ್ಕಾಲರ್‌ಶಿಪ್ ಪತ್ರ ಬಂದ ಖುಷಿಯಲ್ಲಿ ಇದು ಮರೆತುಹೋಗುತ್ತದೆ.

ಹಂತ 3: ಕಾಲೇಜಿನ ಅಂಕಿ ಅಂಶ ನೀವೇ ತೆಗೆದು ನೋಡಿ

ಈ ಒಂದು ಹಂತಕ್ಕೆ ಒಂದು ಪೂರ್ತಿ ಶನಿವಾರ ಕೊಟ್ಟರೂ ನಷ್ಟವಿಲ್ಲ. ಅಮೆರಿಕದ ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ "ಕಾಮನ್ ಡೇಟಾ ಸೆಟ್" ಅನ್ನುವ ದಾಖಲೆ ಹೊರಹಾಕುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಪದ ಸೇರಿಸಿ ಹುಡುಕಿದರೆ ಸಿಗುತ್ತದೆ. ಎಲ್ಲ ಕಾಲೇಜುಗಳದ್ದೂ ಒಂದೇ ನಮೂನೆ. ಹಾಗಾಗಿ ಒಮ್ಮೆ ಓದಲು ಕಲಿತರೆ ಸಾಕು.

ಮೊದಲು ಸಿ9 ಅನ್ನುವ ಭಾಗಕ್ಕೆ ಹೋಗಿ. ಸೇರಿದ ಮಕ್ಕಳ ಎಸ್‌ಎಟಿ, ಎಸಿಟಿ (ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆಗಳು) ಅಂಕಗಳು ಅಲ್ಲಿವೆ. ಕೆಳಗಿನ ಕಾಲು ಭಾಗದವರ ಮಿತಿ, ನಡುವಿನ ಅಂಕ, ಮೇಲಿನ ಕಾಲು ಭಾಗದವರ ಮಿತಿ ಅಂತ ಮೂರು ಸಂಖ್ಯೆ. ನಿಮ್ಮ ಮಗುವಿನ ಅಂಕ ಮೇಲಿನ ಮಿತಿಯ ಹತ್ತಿರ ಅಥವಾ ಅದನ್ನು ದಾಟಿದ್ದರೆ ಆ ಕಾಲೇಜಿನಲ್ಲಿ ಮೆರಿಟ್ ಹಣದ ಆಸೆ ಇಟ್ಟುಕೊಳ್ಳಬಹುದು. ನಡುವಿನಲ್ಲಿದ್ದರೆ ಅಡ್ಮಿಷನ್ ಸಿಗಬಹುದು, ಹಣ ಸಿಗುವುದು ಕಷ್ಟ. ಎಷ್ಟು ಶೇಕಡಾ ಮಕ್ಕಳು ಅಂಕ ಕಳಿಸಿದ್ದರು ಅನ್ನುವುದೂ ಅಲ್ಲೇ ಇದೆ. ಅರ್ಧದಷ್ಟು ಮಕ್ಕಳು ಮಾತ್ರ ಕಳಿಸಿದ್ದರೆ ಆ ಸಂಖ್ಯೆ ನಿಜಕ್ಕಿಂತ ಎತ್ತರವಾಗಿ ಕಾಣುತ್ತದೆ, ಏಕೆಂದರೆ ಕಡಿಮೆ ಅಂಕದವರು ಕಳಿಸಿರುವುದಿಲ್ಲ.

ಆಮೇಲೆ ಎಚ್2ಎ ಭಾಗ. ನಮ್ಮಂಥ ಮನೆಗಳಿಗೆ ಇಡೀ ದಾಖಲೆಯಲ್ಲಿ ಇದೇ ಮುಖ್ಯ. ಆದಾಯದ ಲೆಕ್ಕದಲ್ಲಿ ಸಹಾಯಕ್ಕೆ ಅರ್ಹರಲ್ಲದ ಎಷ್ಟು ಮಕ್ಕಳಿಗೆ ಕಾಲೇಜು ತನ್ನ ಹಣ ಕೊಟ್ಟಿತು, ಸರಾಸರಿ ಎಷ್ಟು ಕೊಟ್ಟಿತು ಅಂತ ಅಲ್ಲಿ ಬರೆದಿರುತ್ತಾರೆ. ಉದಾಹರಣೆಗೆ ಮೊದಲ ವರ್ಷಕ್ಕೆ 4,000 ಮಕ್ಕಳು ಸೇರಿದ್ದು, ಅವರಲ್ಲಿ 1,200 ಮಂದಿಗೆ ಸರಾಸರಿ 16,000 ಡಾಲರ್ ಸಿಕ್ಕಿದ್ದರೆ ಆ ಕಾಲೇಜು ಧಾರಾಳ. 40 ಮಂದಿಗೆ 5,000 ಅಂತಿದ್ದರೆ ಆ ಕಾಲೇಜನ್ನು ಮೆರಿಟ್ ಪಟ್ಟಿಯಿಂದ ತೆಗೆದುಬಿಡಿ. ಸರ್ಕಾರಿ ಕಾಲೇಜಿನಲ್ಲಿ ಈ ಸರಾಸರಿಯೊಳಗೆ ರಾಜ್ಯದ ಒಳಗಿನವರೂ ಸೇರಿರುತ್ತಾರೆ ಅನ್ನುವುದು ನೆನಪಿರಲಿ.

ಇದರ ಜೊತೆ ಕಾಲೇಜಿನ ವೆಬ್‌ಸೈಟಿನಲ್ಲಿ "ನೆಟ್ ಪ್ರೈಸ್ ಕ್ಯಾಲ್ಕುಲೇಟರ್" ಇರುತ್ತದೆ. ಕೇಂದ್ರದ ವಿದ್ಯಾರ್ಥಿ ಸಹಾಯ ಯೋಜನೆಯಲ್ಲಿರುವ ಕಾಲೇಜುಗಳೆಲ್ಲ 2011ರಿಂದ ಇದನ್ನು ಇಡಲೇಬೇಕು ಅಂತ ಕೇಂದ್ರದ ಕಾನೂನಿದೆ. ಕೆಲವು ಕಡೆ ಅದು ಆದಾಯ ಮಾತ್ರ ಕೇಳುತ್ತದೆ, ಕೆಲವು ಕಡೆ ಜಿಪಿಎ (ಎಲ್ಲ ವಿಷಯಗಳ ಸರಾಸರಿ ಗ್ರೇಡು) ಮತ್ತು ಎಸ್‌ಎಟಿ ಅಂಕವನ್ನೂ ಕೇಳುತ್ತದೆ. ಅಂಕ ಕೇಳಿದರೆ ಮೆರಿಟ್ ಹಣದ ಅಂದಾಜೂ ಸಿಗುತ್ತದೆ. ಅರಿಝೋನಾ ಸ್ಟೇಟ್‌ನಂಥ ಕೆಲವು ಯೂನಿವರ್ಸಿಟಿಗಳು ಸ್ಕಾಲರ್‌ಶಿಪ್ ಅಂದಾಜಿಗೇ ಬೇರೆ ಕ್ಯಾಲ್ಕುಲೇಟರ್ ಇಟ್ಟಿವೆ.

ಹಂತ 4: ಖಚಿತವಾದದ್ದು, ಪೈಪೋಟಿಯದ್ದು, ಎರಡನ್ನೂ ಬೇರೆ ಮಾಡಿ

ಕೆಲವು ಯೂನಿವರ್ಸಿಟಿಗಳು ಇಂತಿಷ್ಟು ಜಿಪಿಎ, ಇಂತಿಷ್ಟು ಎಸ್‌ಎಟಿ ಅಥವಾ ಎಸಿಟಿ ಇದ್ದರೆ ಇಂತಿಷ್ಟು ಹಣ ಅಂತ ಕೋಷ್ಟಕ ಹಾಕಿಬಿಡುತ್ತವೆ. ಅಲಬಾಮಾ ಇದಕ್ಕೆ ಹೆಸರುವಾಸಿ. ಇಂಥ ಹಣಕ್ಕೆ ಸಂದರ್ಶನ ಇಲ್ಲ, ಪ್ರತ್ಯೇಕ ಅರ್ಜಿ ಇಲ್ಲ, ಅಡ್ಮಿಷನ್ ಆದರೆ ಬಂದೇ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಇಂಥವು ಕನಿಷ್ಠ ಎರಡು ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೋಷ್ಟಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷ ಸ್ನೇಹಿತರ ಮಗನಿಗೆ ಸಿಕ್ಕ ಮೊತ್ತ ಈ ವರ್ಷ ಇರದೇ ಹೋಗಬಹುದು. ನಿಮ್ಮ ಮಗು ಸೇರುವ ವರ್ಷದ ಕೋಷ್ಟಕವನ್ನೇ ತೆಗೆದು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಕಾಲೇಜಿಗೆ ಅಂಕ ಕಳಿಸುವುದು ಐಚ್ಛಿಕ ಅಂತಿದ್ದರೂ ಸ್ಕಾಲರ್‌ಶಿಪ್‌ಗೆ ಅಂಕ ಬೇಕಾಗಬಹುದು. ಅದನ್ನೂ, ಜಿಪಿಎಯಲ್ಲಿ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕ್ಲಾಸುಗಳ ಹೆಚ್ಚುವರಿ ತೂಕ ಸೇರುತ್ತದೋ ಇಲ್ಲವೋ ಅನ್ನುವುದನ್ನೂ ಓದಿ ತಿಳಿಯಿರಿ. ಎಸ್‌ಎಟಿಯಲ್ಲಿ ಇನ್ನು 20 ಅಂಕ ಬಂದರೆ ಮೇಲಿನ ಸಾಲಿಗೆ ಹೋಗುವ ಹಾಗಿದ್ದರೆ ಇನ್ನೊಮ್ಮೆ ಪರೀಕ್ಷೆ ಬರೆಯುವುದು ಖಂಡಿತ ಲಾಭ. ನಾಲ್ಕು ವರ್ಷಕ್ಕೆ ಅದು ಹತ್ತಾರು ಸಾವಿರ ಡಾಲರ್ ಆಗಬಹುದು.

ಪೈಪೋಟಿಯ ಸ್ಕಾಲರ್‌ಶಿಪ್‌ಗಳು ಬೇರೆ ರೀತಿ. ನಾರ್ತ್ ಕ್ಯಾರೊಲೈನಾದ ಮೋರ್‌ಹೆಡ್-ಕೇನ್, ವರ್ಜೀನಿಯಾದ ಜೆಫರ್ಸನ್ ಸ್ಕಾಲರ್ಸ್, ಜಾರ್ಜಿಯಾ ಟೆಕ್‌ನ ಸ್ಟ್ಯಾಂಪ್ಸ್ ಇವೆಲ್ಲ ಬಹುತೇಕ ಪೂರ್ತಿ ಖರ್ಚು ಕೊಡುವಂಥವು. ಇವಕ್ಕೆ ಅಂಕ ಮಾತ್ರ ಸಾಲದು. ಹುಡುಗ ಅಥವಾ ಹುಡುಗಿ ತನ್ನೂರಿನಲ್ಲಿ ಏನು ಮಾಡಿದ್ದಾರೆ ಅಂತ ನೋಡುತ್ತಾರೆ, ಕ್ಯಾಂಪಸ್ಸಿಗೆ ಕರೆದು ಸಂದರ್ಶನ ಮಾಡುತ್ತಾರೆ. ಒಂದೋ ಎರಡೋ ಹಾಕಿ ನೋಡಿ. ಬಂದರೆ ಸಂತೋಷ. ಮನೆಯ ಬಜೆಟ್ಟನ್ನು ಮಾತ್ರ ಇದರ ಮೇಲೆ ಕಟ್ಟಬೇಡಿ.

ಹಂತ 5: ಪಿಎಸ್‌ಎಟಿಯನ್ನು ಹಗುರವಾಗಿ ತಗೊಳ್ಳಬೇಡಿ

ಹನ್ನೊಂದನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಶಾಲೆಯಲ್ಲೇ ನಡೆಯುವ ಈ ಪರೀಕ್ಷೆ ನ್ಯಾಷನಲ್ ಮೆರಿಟ್ ಅನ್ನುವ ದೇಶಮಟ್ಟದ ಸ್ಕಾಲರ್‌ಶಿಪ್ ಸ್ಪರ್ಧೆಗೆ ದಾರಿ. ಹತ್ತನೇ ಕ್ಲಾಸಿನಲ್ಲಿ ಬರೆದದ್ದು ಅಭ್ಯಾಸಕ್ಕೆ ಮಾತ್ರ, ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಹನ್ನೊಂದರದ್ದು. ದೇಶದಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುತ್ತಾರೆ, ಸುಮಾರು 16,000 ಮಂದಿ ಸೆಮಿಫೈನಲಿಸ್ಟ್ ಆಗುತ್ತಾರೆ, ಅವರಲ್ಲಿ ಹೆಚ್ಚಿನವರು ಫೈನಲಿಸ್ಟ್ ಆಗುತ್ತಾರೆ.

ನಮ್ಮ ಮಕ್ಕಳು ಎಡವುವ ಜಾಗ ಒಂದಿದೆ. ಇಲ್ಲಿ ಒಟ್ಟು ಅಂಕ ನೋಡುವುದಿಲ್ಲ, ಸೆಲೆಕ್ಷನ್ ಇಂಡೆಕ್ಸ್ ಅಂತ ಒಂದು ಲೆಕ್ಕ ಇದೆ. ಇಂಗ್ಲಿಷ್ ಭಾಗದ ಅಂಕವನ್ನು ಎರಡರಿಂದ ಗುಣಿಸಿ, ಗಣಿತದ ಅಂಕ ಕೂಡಿಸಿ, ಹತ್ತರಿಂದ ಭಾಗಿಸುತ್ತಾರೆ. ಗರಿಷ್ಠ 228. ಇಂಗ್ಲಿಷ್ 720, ಗಣಿತ 760 ಬಂದವರಿಗೆ ಇಂಡೆಕ್ಸ್ 220. ಇಂಗ್ಲಿಷ್ 760, ಗಣಿತ 720 ಬಂದವರಿಗೆ 224. ಇಬ್ಬರ ಒಟ್ಟು ಅಂಕವೂ 1480! ನಾಲ್ಕು ಅಂಕದ ಈ ಅಂತರದಲ್ಲಿ ಒಬ್ಬರು ಆಯ್ಕೆಯಾಗಿ ಇನ್ನೊಬ್ಬರು ಬಿಟ್ಟುಹೋಗಬಹುದು. ಅಪ್ಪ ಅಮ್ಮ ಇಬ್ಬರೂ ಗಣಿತಕ್ಕೆ ಒತ್ತು ಕೊಡುವ ಮನೆಯಲ್ಲಿ ಒಂಬತ್ತನೇ ಕ್ಲಾಸಿನಿಂದಲೇ ಇಂಗ್ಲಿಷ್ ಓದಿನ ಕಡೆಗೂ ಗಮನ ಇರಲಿ.

ಕಟ್‌ಆಫ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾದಲ್ಲಿ ಬಹಳ ಎತ್ತರ. ನ್ಯಾಷನಲ್ ಮೆರಿಟ್ ಸಂಸ್ಥೆ ತಾನಾಗಿ ಕೊಡುವುದು ಒಂದೇ ಸಲ 2,500 ಡಾಲರ್. ದೊಡ್ಡ ಹಣ ಬರುವುದು ಕಾಲೇಜುಗಳಿಂದ. ಅಲಬಾಮಾ, ಟೆಕ್ಸಸ್‌ನ ಡಲ್ಲಾಸ್ ಕ್ಯಾಂಪಸ್, ಓಕ್ಲಹೋಮಾ, ಟಲ್ಸಾ ಇವೆಲ್ಲ ಫೈನಲಿಸ್ಟ್‌ಗಳಿಗೆ ವಿಶೇಷ ಪ್ಯಾಕೇಜು ಕೊಡುತ್ತಾ ಬಂದಿರುವ ಯೂನಿವರ್ಸಿಟಿಗಳು. ಫ್ಲೋರಿಡಾ ರಾಜ್ಯದ ಬೆನಕ್ವಿಸ್ಟೊ ಸ್ಕಾಲರ್‌ಶಿಪ್ 2018ರಿಂದ ಹೊರರಾಜ್ಯದ ನ್ಯಾಷನಲ್ ಮೆರಿಟ್ ವಿದ್ಯಾರ್ಥಿಗಳಿಗೂ ತೆರೆದಿದೆ. ಆದರೆ ಫೈನಲಿಸ್ಟ್ ಆದ ಮಗು ಆ ಕಾಲೇಜೇ ತನ್ನ ಮೊದಲ ಆಯ್ಕೆ ಅಂತ ನ್ಯಾಷನಲ್ ಮೆರಿಟ್ ಪೋರ್ಟಲ್‌ನಲ್ಲಿ ಬರೆಯಬೇಕು. ಕಾಲೇಜಿಗೆ ಮಾತ್ರ ಹೇಳಿದರೆ ಸಾಲದು. ಪ್ರತಿ ಕಾಲೇಜಿಗೂ ಇದಕ್ಕೆ ತನ್ನದೇ ಕೊನೆಯ ದಿನಾಂಕ ಇರುತ್ತದೆ.

ಹಂತ 6: ರಾಜ್ಯಗಳ ನಡುವಿನ ಒಪ್ಪಂದ ಹುಡುಕಿ

ಸ್ಕಾಲರ್‌ಶಿಪ್ ಅನ್ನುವ ಹೆಸರಿಲ್ಲದೆ ಅಷ್ಟೇ ಉಪಯೋಗ ಕೊಡುವ ದಾರಿಗಳಿವೆ. ಪಶ್ಚಿಮದ ರಾಜ್ಯಗಳಲ್ಲಿ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಇದೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್, ಅರಿಝೋನಾ ಎಲ್ಲ ಅದರಲ್ಲಿ ಸೇರಿವೆ. ಈ ರಾಜ್ಯಗಳ ಮಕ್ಕಳು ಒಪ್ಪಂದದಲ್ಲಿರುವ ಕಾಲೇಜಿಗೆ ಹೋದರೆ ಅಲ್ಲಿನವರ ಟ್ಯೂಷನ್ನಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಕೊಡಬೇಕಿಲ್ಲ. ನೆವಾಡಾದ ರೀನೊ, ಐಡಹೊ ಯೂನಿವರ್ಸಿಟಿಗಳು ಇದರಲ್ಲಿವೆ. ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯಂಥ ಬೇಡಿಕೆಯ ಕ್ಯಾಂಪಸ್ಸುಗಳು ಇಲ್ಲ. ಕೆಲವು ಕಡೆ ಜಿಪಿಎ ಮಿತಿ ಇದೆ, ಕೆಲವು ವಿಷಯಗಳಿಗೆ ಅನ್ವಯವಾಗುವುದಿಲ್ಲ, ಕೆಲವು ಕಡೆ ಕೇಳಿಕೊಂಡವರಿಗೆ ಮಾತ್ರ. ಮಧ್ಯಪಶ್ಚಿಮದಲ್ಲಿ ಮಿಡ್‌ವೆಸ್ಟ್ ಸ್ಟೂಡೆಂಟ್ ಎಕ್ಸ್‌ಚೇಂಜ್ ಇಂಥದ್ದೇ. ದಕ್ಷಿಣದ ಅಕಾಡೆಮಿಕ್ ಕಾಮನ್ ಮಾರ್ಕೆಟ್ ಬೇರೆ: ನಿಮ್ಮ ರಾಜ್ಯದಲ್ಲಿ ಇಲ್ಲದ ವಿಷಯ ಓದಲು ಹೊರಗೆ ಹೋದರೆ ಒಳಗಿನವರ ಫೀಸು. ಕಂಪ್ಯೂಟರ್ ಸೈನ್ಸ್ ಎಲ್ಲ ರಾಜ್ಯದಲ್ಲೂ ಇರುವುದರಿಂದ ನಮ್ಮ ಹೆಚ್ಚಿನ ಮಕ್ಕಳಿಗೆ ಅದು ಒದಗುವುದಿಲ್ಲ.

ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ಕಡೆಯವರು ಮೇನ್ ಯೂನಿವರ್ಸಿಟಿಯ ಫ್ಲ್ಯಾಗ್‌ಶಿಪ್ ಮ್ಯಾಚ್ ನೋಡಬಹುದು. ಅಂಕ ಇದ್ದವರಿಗೆ ಅವರ ರಾಜ್ಯದ ಮುಖ್ಯ ಯೂನಿವರ್ಸಿಟಿಯ ಟ್ಯೂಷನ್‌ಗೆ ಸರಿಹೊಂದಿಸುತ್ತಾರೆ. ಟೆಕ್ಸಸ್ ಕಾನೂನು ಇನ್ನೂ ಒಳ್ಳೆಯದು. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಯಿಂದ ಪೈಪೋಟಿಯಲ್ಲಿ ಕನಿಷ್ಠ 1,000 ಡಾಲರ್ ಸ್ಕಾಲರ್‌ಶಿಪ್ ಪಡೆದ ಹೊರರಾಜ್ಯದ ಅಥವಾ ಹೊರದೇಶದ ವಿದ್ಯಾರ್ಥಿಗೆ ಟೆಕ್ಸಸ್‌ನವರ ಟ್ಯೂಷನ್ ದರ ಸಿಗಬಹುದು. ಸಾವಿರದ ಸ್ಕಾಲರ್‌ಶಿಪ್ ಅಂತ ಮೂಗು ಮುರಿಯುವ ಮೊದಲು ಅದರ ಹಿಂದೆ ಬರುವ ರಿಯಾಯಿತಿ ಎಷ್ಟು ಅಂತ ಕೇಳಿ. ಎಲ್ಲ ಕ್ಯಾಂಪಸ್ಸೂ ಒಂದೇ ಧಾರಾಳತನ ತೋರಿಸುವುದಿಲ್ಲ, ಎಷ್ಟು ಮಂದಿಗೆ ಕೊಡಬಹುದು ಅನ್ನುವುದಕ್ಕೂ ಮಿತಿ ಇದೆ.

ಹಂತ 7: ವೀಸಾದ ಪ್ರಶ್ನೆ ಮೊದಲೇ ಕೇಳಿ

ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳಿಗೆ ಈ ಹಂತ ಎಲ್ಲಕ್ಕಿಂತ ಮುಖ್ಯ. ಎಚ್-4 ವೀಸಾದ (ಎಚ್-1ಬಿ ಕೆಲಸಗಾರರ ಕುಟುಂಬಕ್ಕೆ ಕೊಡುವ ವೀಸಾ) ಮಗು ಎರಡನೇ ಕ್ಲಾಸಿನಿಂದ ಇಲ್ಲೇ ಓದಿದ್ದರೂ ಫಾಫ್ಸಾ ಅನ್ನುವ ಅರ್ಜಿಯ ಮೂಲಕ ಸಿಗುವ ಕೇಂದ್ರದ ಸಹಾಯ ಅದಕ್ಕಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಉಂಟು. ಮೆರಿಟ್ ಸ್ಕಾಲರ್‌ಶಿಪ್ ಮಾತ್ರ ಕಾಲೇಜಿನ ಸ್ವಂತ ಹಣ, ಹಾಗಾಗಿ ನಿಯಮವೂ ಕಾಲೇಜಿನದ್ದೇ. ಕೆಲವು ಕಡೆ ಹೈಸ್ಕೂಲು ಅಮೆರಿಕದ್ದಾದರೆ ಸಾಕು. ಕೆಲವು ಕಡೆ ಎಚ್-4 ಅಂದರೆ ನೇರ ವಿದೇಶಿ ವಿದ್ಯಾರ್ಥಿಗಳ ಪಟ್ಟಿಗೆ ಸೇರಿಸುತ್ತಾರೆ, ಅಲ್ಲಿ ಕೋಷ್ಟಕವೇ ಬೇರೆ. ನ್ಯಾಷನಲ್ ಮೆರಿಟ್‌ನಲ್ಲಿ ಈಗ ಅಮೆರಿಕದ ಹೈಸ್ಕೂಲಿನಲ್ಲಿ ಓದುತ್ತಿರುವ ಮಕ್ಕಳಿಗೆ ಪೌರತ್ವದ ಷರತ್ತು ಇಲ್ಲ. ಆದರೆ ಫೈನಲಿಸ್ಟ್‌ಗೆ ಹಣ ಕೊಡುವ ಕಾಲೇಜು ತನ್ನ ಷರತ್ತು ಹಾಕಬಹುದು.

ಫೋನಿನಲ್ಲಿ ಕೇಳಿ ಬಿಡಬೇಡಿ. ಅಡ್ಮಿಷನ್ ಆಫೀಸಿಗೆ ಇಮೇಲ್ ಬರೆಯಿರಿ, ಉತ್ತರ ಉಳಿಸಿಕೊಳ್ಳಿ. ಕೇಳಬೇಕಾದ್ದು ಇಷ್ಟು: ನಮ್ಮ ಮಗಳು ಎಚ್-4 ವೀಸಾದಲ್ಲಿದ್ದಾಳೆ, ಇಂಥ ರಾಜ್ಯದ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಈ ಸ್ಕಾಲರ್‌ಶಿಪ್‌ಗೆ ಅರ್ಹಳೇ? ಓದಿನ ನಡುವೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾದರೆ ಹಣ ಮುಂದುವರಿಯುತ್ತದೆಯೇ? ಎರಡನೇ ಪ್ರಶ್ನೆ ಯಾಕೆ ಅಂದರೆ, 21 ವರ್ಷ ತುಂಬಿದಾಗ ಎಚ್-4 ಮುಗಿಯುತ್ತದೆ. ಅದು ಸಾಮಾನ್ಯವಾಗಿ ಕಾಲೇಜಿನ ಮೂರನೇ ವರ್ಷದ ಹೊತ್ತಿಗೆ ಬರುತ್ತದೆ. ಆಗ ವಿದ್ಯಾರ್ಥಿಯ ವರ್ಗ ಬದಲಾಗಿ ಫೀಸೋ ಸ್ಕಾಲರ್‌ಶಿಪ್ಪೋ ಬದಲಾದರೆ ಮನೆಗೆ ದೊಡ್ಡ ಹೊಡೆತ. ಮೊದಲೇ ಲಿಖಿತ ಉತ್ತರ ಇದ್ದರೆ ಮನಸ್ಸು ನಿರಾಳ.

ಹಂತ 8: ದಿನಾಂಕಗಳು

ಕಾಮನ್ ಆ್ಯಪ್ (ಬಹಳ ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟ್) ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಮೆರಿಟ್ ಹಣ ಬೇಕಾದವರು ಜನವರಿಯವರೆಗೆ ಕಾಯಬಾರದು. ಬಹಳ ಕಾಲೇಜುಗಳಲ್ಲಿ ಅಡ್ಮಿಷನ್‌ನ ಕೊನೆಯ ದಿನಾಂಕ ಒಂದು, ಸ್ಕಾಲರ್‌ಶಿಪ್‌ನದ್ದು ಇನ್ನೊಂದು, ಎರಡನೆಯದು ಮೊದಲೇ ಬರುತ್ತದೆ. ಯುಎಸ್‌ಸಿಯಲ್ಲಿ ಮೆರಿಟ್ ಪರಿಗಣನೆಗೆ ನವೆಂಬರ್ 1ರ ಅರ್ಲಿ ಆ್ಯಕ್ಷನ್ ಮುಖ್ಯ, ಬಾಸ್ಟನ್ ಯೂನಿವರ್ಸಿಟಿಯಲ್ಲಿ ಡಿಸೆಂಬರ್ 1. ಒಂದು ಸ್ಪ್ರೆಡ್‌ಶೀಟ್ ಮಾಡಿ ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ. ಆನರ್ಸ್ ಕಾಲೇಜಿಗೆ (ಯೂನಿವರ್ಸಿಟಿಯೊಳಗೆ ಆಯ್ದ ವಿದ್ಯಾರ್ಥಿಗಳಿಗಾಗಿ ಇರುವ ವಿಭಾಗ) ಪ್ರತ್ಯೇಕ ಅರ್ಜಿ ಇದ್ದರೆ ಅದಕ್ಕೂ ಒಂದು.

ಅರ್ಲಿ ಡಿಸಿಷನ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಅದರಲ್ಲಿ ಸೀಟು ಸಿಕ್ಕರೆ ಸೇರಲೇಬೇಕು ಅನ್ನುವ ಒಪ್ಪಂದ ಇದೆ. ಬೇರೆ ಕಾಲೇಜುಗಳು ಎಷ್ಟು ಕೊಡುತ್ತವೆ ಅಂತ ಹೋಲಿಸುವ ಅವಕಾಶವೇ ಇರುವುದಿಲ್ಲ. ಸ್ಕಾಲರ್‌ಶಿಪ್ ಇಲ್ಲದೆ ಕಷ್ಟ ಅನ್ನುವ ಮನೆಯವರು ಅರ್ಲಿ ಡಿಸಿಷನ್ ಹಾಕಬಾರದು. ಅರ್ಲಿ ಆ್ಯಕ್ಷನ್ ಹಾಗಲ್ಲ. ಉತ್ತರ ಬೇಗ ಬರುತ್ತದೆ, ಬಂಧನ ಇಲ್ಲ.

ಆದಾಯ ಜಾಸ್ತಿ ಇದೆ ಅಂತ ಫಾಫ್ಸಾ ತುಂಬದೆ ಬಿಡುವವರಿದ್ದಾರೆ. ಕೆಲವು ಕಾಲೇಜುಗಳು ಮೆರಿಟ್ ಹಣಕ್ಕೂ ಅದನ್ನು ಕೇಳುತ್ತವೆ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳು ತುಂಬಿಬಿಡುವುದು ಒಳ್ಳೆಯದು.

ಹೊರಗಿನ ಸ್ಕಾಲರ್‌ಶಿಪ್‌ಗಳಿಗೆ ಎಷ್ಟು ಸಮಯ ಕೊಡಬೇಕು? ಕೋಕಾ-ಕೋಲಾ ಸ್ಕಾಲರ್ಸ್ ಪ್ರತಿ ವರ್ಷ 150 ಮಕ್ಕಳಿಗೆ ತಲಾ 20,000 ಡಾಲರ್ ಕೊಡುತ್ತದೆ, ಆದರೆ ದೇಶವೆಲ್ಲ ಅರ್ಜಿ ಹಾಕುತ್ತದೆ. ಊರಿನ ಕ್ರೆಡಿಟ್ ಯೂನಿಯನ್, ಅಪ್ಪ ಅಮ್ಮನ ಕಂಪನಿ, ಶಾಲೆಯ ಪೋಷಕರ ಸಂಘ ಇವುಗಳ ಸಣ್ಣ ಮೊತ್ತಕ್ಕೆ ಪೈಪೋಟಿ ಕಡಿಮೆ. ಹೊರಗಿನ ಹಣ ಬಂದಾಗ ಕಾಲೇಜು ತನ್ನ ಹಣ ಕಡಿಮೆ ಮಾಡುತ್ತದೆಯೇ ಅಂತ ಕೇಳಿಕೊಳ್ಳಿ. ಅರ್ಜಿಗೆ ಫೀಸು ಕೇಳುವ, ಸ್ಕಾಲರ್‌ಶಿಪ್ ಗ್ಯಾರಂಟಿ ಅನ್ನುವ ಕಂಪನಿಗಳಿಗೆ ಒಂದು ಡಾಲರ್ ಕೂಡ ಕೊಡಬೇಡಿ.

ಹಂತ 9: ಪತ್ರಗಳು ಬಂದ ಮೇಲೆ

ಮಾರ್ಚ್ ಏಪ್ರಿಲ್‌ನಲ್ಲಿ ಎಲ್ಲ ಪತ್ರಗಳನ್ನೂ ಟೇಬಲ್ ಮೇಲೆ ಹರಡಿ ಕೂತುಕೊಳ್ಳಿ. ಟ್ಯೂಷನ್, ಫೀಸು, ಹಾಸ್ಟೆಲ್, ಊಟ, ಪುಸ್ತಕ, ವಿಮಾನದ ಟಿಕೆಟ್ ಎಲ್ಲ ಕೂಡಿಸಿ, ಸ್ಕಾಲರ್‌ಶಿಪ್ ಕಳೆದು, ನಾಲ್ಕು ವರ್ಷದ ಮೊತ್ತ ಬರೆಯಿರಿ. ಪತ್ರದಲ್ಲಿ ಸಾಲವನ್ನೂ ಸಹಾಯದ ಸಾಲಿನಲ್ಲೇ ತೋರಿಸಿರುತ್ತಾರೆ. ಅದನ್ನು ಬೇರೆ ಮಾಡಿ.

ನಾಲ್ಕು ವರ್ಷದ ಲೆಕ್ಕ ಹೇಗೆ ಅಂತ ಒಂದು ಉದಾಹರಣೆ. ಒಟ್ಟು ಖರ್ಚು 55,000 ಡಾಲರ್, ಸ್ಕಾಲರ್‌ಶಿಪ್ ಪ್ರತಿ ವರ್ಷ 22,000. ಮೊದಲ ವರ್ಷ ಕೈಯಿಂದ 33,000. ನಾಲ್ಕರಿಂದ ಗುಣಿಸಿದರೆ 1,32,000. ಆದರೆ ಖರ್ಚು ವರ್ಷಕ್ಕೆ ಶೇ. 4 ಏರುತ್ತದೆ ಅಂದುಕೊಳ್ಳಿ, ಸ್ಕಾಲರ್‌ಶಿಪ್ ಅಷ್ಟೇ ಇರುತ್ತದೆ. ನಾಲ್ಕನೇ ವರ್ಷ ಕೈಯಿಂದ ಹೋಗುವುದು ಸುಮಾರು 39,900. ಒಟ್ಟು ಸುಮಾರು 1,45,500. ಸ್ಕಾಲರ್‌ಶಿಪ್ ನಿಗದಿತ ಮೊತ್ತವೋ, ಟ್ಯೂಷನ್ನಿನ ಶೇಕಡಾವಾರೋ ಅನ್ನುವುದು ಇದಕ್ಕಾಗಿ ಮುಖ್ಯ. ಪೂರ್ತಿ ಟ್ಯೂಷನ್ ಕೊಡುವ ಸ್ಕಾಲರ್‌ಶಿಪ್ ಆದರೆ ಫೀಸು ಏರಿದಾಗ ಅದೂ ಏರುತ್ತದೆ.

ಹಣ ಸ್ವಲ್ಪ ಸಾಲದೆ ಬಂದರೆ ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ನಮ್ಮವರಿಗೆ ಇದಕ್ಕೆ ಸಂಕೋಚ ಜಾಸ್ತಿ. ಇಲ್ಲಿ ಇದು ಮಾಮೂಲು, ಕಾಲೇಜುಗಳಿಗೆ ಅಭ್ಯಾಸ ಇದೆ. ಪತ್ರ ಮಗುವೇ ಬರೆಯಲಿ, ಚಿಕ್ಕದಾಗಿರಲಿ. ನಿಮ್ಮ ಕಾಲೇಜೇ ನನಗೆ ಇಷ್ಟ, ಅಷ್ಟೇ ಗುಣಮಟ್ಟದ ಇಂಥ ಕಾಲೇಜು ಇಷ್ಟು ಕೊಟ್ಟಿದೆ, ಆ ಪತ್ರ ಜೊತೆಗಿದೆ, ಮರುಪರಿಶೀಲನೆ ಸಾಧ್ಯವೇ, ಅಂತ. ಡಿಸೆಂಬರ್ ನಂತರ ಎಸ್‌ಎಟಿ ಅಂಕವೋ ಜಿಪಿಎಯೋ ಏರಿದ್ದರೆ ಅದನ್ನೂ ಸೇರಿಸಿ. ಕೋಷ್ಟಕದ ಮೇಲೆ ಹಣ ಕೊಡುವ ಸರ್ಕಾರಿ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಖಾಸಗಿ ಕಾಲೇಜುಗಳು ಕೆಲವೊಮ್ಮೆ ಒಪ್ಪುತ್ತವೆ. ಮೇ 1 ಹೆಚ್ಚಿನ ಕಡೆ ಕೊನೆಯ ದಿನ. ಕೇಳುವುದನ್ನು ಏಪ್ರಿಲ್ ಮಧ್ಯದೊಳಗೆ ಮುಗಿಸಿ.

ಹಂತ 10: ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು

ಷರತ್ತುಗಳನ್ನು ಮಗುವಿನ ಜೊತೆ ಕೂತು ಓದಿ. ಎಷ್ಟು ಜಿಪಿಎ ಬೇಕು, ಸೆಮಿಸ್ಟರಿಗೆ ಎಷ್ಟು ಕ್ರೆಡಿಟ್, ಎಷ್ಟು ಸೆಮಿಸ್ಟರ್‌ವರೆಗೆ, ಮೇಜರ್ ಬದಲಾಯಿಸಿದರೆ ಏನಾಗುತ್ತದೆ. ಕಾಲೇಜಿನ ಇಂಜಿನಿಯರಿಂಗ್‌ನಲ್ಲಿ 3.5 ಜಿಪಿಎ ಉಳಿಸಿಕೊಳ್ಳುವುದು ಹೈಸ್ಕೂಲಿನ 4.0 ಇದ್ದಷ್ಟು ಸುಲಭವಲ್ಲ. 3.0 ಕೇಳುವ 18,000ದ ಸ್ಕಾಲರ್‌ಶಿಪ್, 3.5 ಕೇಳುವ 22,000ಕ್ಕಿಂತ ಎಷ್ಟೋ ಮಕ್ಕಳಿಗೆ ಒಳ್ಳೆಯದು. ಹೆಚ್ಚಿನ ಸ್ಕಾಲರ್‌ಶಿಪ್ ಎಂಟು ಸೆಮಿಸ್ಟರಿಗೆ. ಕೋ-ಆಪ್ (ಓದಿನ ನಡುವೆ ಕಂಪನಿಯಲ್ಲಿ ಮಾಡುವ) ಕೆಲಸಕ್ಕೆ ಹೋಗಿ ಐದು ವರ್ಷ ಆಗುವುದಾದರೆ ಆ ಸೆಮಿಸ್ಟರ್ ತಡೆಹಿಡಿದು ಆಮೇಲೆ ಬಳಸಲು ಬಿಡುತ್ತಾರಾ ಅಂತ ಕೇಳಿ.

ತೆರಿಗೆ ವಿಷಯ: ಟ್ಯೂಷನ್, ಕಡ್ಡಾಯ ಫೀಸು, ಕೋರ್ಸಿಗೆ ಬೇಕಾದ ಪುಸ್ತಕಕ್ಕೆ ಹೋದ ಸ್ಕಾಲರ್‌ಶಿಪ್‌ಗೆ ತೆರಿಗೆ ಇಲ್ಲ. ಹಾಸ್ಟೆಲ್ ಮತ್ತು ಊಟಕ್ಕೆ ಹೋದ ಭಾಗ ಮಗುವಿನ ಆದಾಯ ಅಂತ ಲೆಕ್ಕವಾಗುತ್ತದೆ. ಪೂರ್ತಿ ಖರ್ಚಿನ ಸ್ಕಾಲರ್‌ಶಿಪ್ ಸಿಕ್ಕ ಮನೆಯವರು ಇದನ್ನು ಗಮನಿಸಬೇಕು. 529 ಪ್ಲಾನಿನಲ್ಲಿ ಹಣ ಉಳಿದರೆ, ತೆರಿಗೆಯಿಲ್ಲದ ಸ್ಕಾಲರ್‌ಶಿಪ್ ಮೊತ್ತದಷ್ಟನ್ನು ಶೇ. 10ರ ದಂಡವಿಲ್ಲದೆ ತೆಗೆಯಬಹುದು. ಅದರಲ್ಲಿ ಬೆಳೆದ ಲಾಭಕ್ಕೆ ಮಾತ್ರ ತೆರಿಗೆ ಬೀಳುತ್ತದೆ. ತಂಗಿ ತಮ್ಮನ ಹೆಸರಿಗೆ ವರ್ಗಾಯಿಸಿದರೆ ಅದೂ ಇಲ್ಲ.

ಮೊದಲ ಸೆಮಿಸ್ಟರಿನಲ್ಲಿ ಜಿಪಿಎ ಕುಸಿದರೆ ಮಕ್ಕಳು ಮನೆಗೆ ಹೇಳಲು ಹೆದರುತ್ತಾರೆ. ಬೈಯದೆ ಕೇಳಿಸಿಕೊಳ್ಳುತ್ತೇವೆ ಅಂತ ಹೊರಡುವ ಮೊದಲೇ ಹೇಳಿ ಕಳಿಸಿ. ಬಹಳ ಕಾಲೇಜುಗಳು ವರ್ಷದ ಕೊನೆಗೆ ಲೆಕ್ಕ ಹಾಕುತ್ತವೆ, ಕೆಲವು ಒಂದು ಸೆಮಿಸ್ಟರ್ ಅವಕಾಶ ಕೊಡುತ್ತವೆ, ಬೇಸಿಗೆಯ ಕ್ಲಾಸು ತಗೊಂಡು ಸರಿಮಾಡಿಕೊಳ್ಳಲು ಬಿಡುವ ಕಡೆಯೂ ಇದೆ. ಇದೆಲ್ಲ ಸಮಯಕ್ಕೆ ಸರಿಯಾಗಿ ಸ್ಕಾಲರ್‌ಶಿಪ್ ಆಫೀಸಿಗೆ ಹೋಗಿ ಕೇಳಿದವರಿಗೆ ಸಿಗುತ್ತದೆ.